ಒಂದೇ ಸಾಲು ನೋಡಿ ಸೌತೆ ತಳಿ ಆರಿಸ್ಬೇಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಅಂಚೇಲಿ, ವಾಟ್ಸಾಪಲ್ಲಿ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಹೌಸ್, ಅಂದ್ರೆ ಪ್ಲಾಸ್ಟಿಕ್ ಹೊದಿಕೆ ಮನೆಯ ಸೌತೆಕಾಯಿದೇ ಇದ್ವು. ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಬೆಳ್ಕೊಂಡು ಬಂದಿರೋ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯೋರು ಸಾಲ ಮಾಡಿ ಪಾಲಿಹೌಸ್ ಹಾಕ್ಸಿ, ಆಮೇಲೆ ಯಾವ ಬೀಜ ತರ್ಬೇಕು ಅನ್ನೋ ಜಾಗದಲ್ಲಿ ಬಂದು ನಿಂತ್ಕೊಂಡಿದ್ದಾರೆ. ಅದಕ್ಕೇ ಬೇರೆ ಬೆಳೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟು ಈ ಸಲ ಪೂರ್ತಿ ಸೌತೆಗೇ ಕೊಟ್ಟಿದೀನಿ.

ಪ್ರಶ್ನೆ: ಮೇಡಂ ನಮಸ್ಕಾರ, ನಮ್ದು ಹರಿಹರ ಹತ್ರ, 10 ಗುಂಟೆ ಪಾಲಿಹೌಸ್ ಐತೆ. ಹೋದ ಬೆಳೇಲಿ ಮೂರು ಕಂಪ್ನಿಯೋರು 25 ಬೀಜದ ಒಂದೊಂದು ಸ್ಯಾಂಪಲ್ ಪೊಟ್ಣ ಕೊಟ್ಟಿದ್ರು, ಒಂದೊಂದನ್ನೂ ಒಂದೊಂದು ಸಾಲಿಗೆ ಹಾಕಿದ್ವಿ. ಎರಡನೇ ಸಾಲಿಂದು ಮೊದಲ 15 ದಿನ ಕಿತ್ತಿದ್ದೇ ಕಿತ್ತಿದ್ದು, ಉಳಿದ ಎರಡು ಹಿಂದೆ ಬಿದ್ವು. ಈ ಸಲ ಪೂರ್ತಿ ಮನೆಗೆ ಅದನ್ನೇ ಹಾಕ್ಬಿಡೋಣ ಅಂತ ನಮ್ಮ ಮಗ ಹಠ ಹಿಡ್ದಾನೆ. ಹಾಕ್ಲಾ? — ಹರಿಹರ ತಾಲೂಕಿನ ರೈತರು

ಉತ್ತರ: ಅಣ್ಣ, ಈಗ್ಲೇ ಹಾಕ್ಬೇಡಿ. ಆ ತಳಿ ಕೆಟ್ಟದ್ದು ಅಂತ ಹೇಳ್ತಿಲ್ಲ, ಅದೇ ಚೆನ್ನಾಗಿರೋದೂ ಆಗಿರ್ಬಹುದು, ಆದ್ರೆ ನೀವು ನೋಡಿದ್ದು ತಳೀನೋ ಸಾಲನ್ನೋ ಅಂತ ನಿಮ್ಗೂ ಗೊತ್ತಿಲ್ಲ ನನ್ಗೂ ಗೊತ್ತಿಲ್ಲ. ಪಾಲಿಹೌಸ್ ಒಳಗೆ ಎಲ್ಲಾ ಜಾಗನೂ ಒಂದೇ ಅಂತ ಹೊರಗಿಂದ ಕಾಣುತ್ತೆ, ಒಳಗೆ ಹಂಗಿರಲ್ಲ. ಬಾಗಿಲ ಹತ್ರದ ಸಾಲಿಗೆ ಧೂಳು, ಗಾಳಿ, ನುಸಿ ಮೊದ್ಲು ಬರುತ್ತೆ, ಪಶ್ಚಿಮದ ಸೈಡಿಗೆ ಮಧ್ಯಾಹ್ನದ ಬಿಸಿಲು ಜಾಸ್ತಿ, ಡ್ರಿಪ್ ಪೈಪಿನ ಕೊನೇಲಿ ನೀರಿನ ಪ್ರೆಶರ್ ಕಮ್ಮಿ. ನಂಬಿಕೆ ಬರದಿದ್ರೆ ನಾಳೆ ಬೆಳಿಗ್ಗೆ ಡ್ರಿಪ್ ಬಿಟ್ಟಾಗ ವಾಲ್ ಹತ್ರ ಒಂದು ಲೋಟ, ಸಾಲಿನ ತುದೀಲಿ ಒಂದು ಲೋಟ, ಹನಿ ಬೀಳೋ ಕಡೆ ಮಣ್ಣು ಸ್ವಲ್ಪ ಬಗೆದು ಇಟ್ಟು 10 ನಿಮಿಷ ಬಿಟ್ಟು ನೋಡಿ, ಎರಡು ಲೋಟದಲ್ಲೂ ನೀರು ಒಂದೇ ಮಟ್ಟಕ್ಕೆ ಬಂದಿದ್ರೆ ನಿಮ್ಮ ಪೈಪ್ ಹಾಕಿದೋರಿಗೆ ಶಹಬ್ಬಾಸ್ ಹೇಳಿ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಮೊದಲ ಸಲ ಸೌತೆ ಟ್ರಯಲ್ ಹಾಕ್ದಾಗ ಒಂದು ತಳಿ ಬಾಗಿಲ ಪಕ್ಕದ ಬೆಡ್ಡಿಗೆ ಬಿದ್ದಿತ್ತು, 40 ದಿನಕ್ಕೆಲ್ಲ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ನುಸಿ ಬಲೆ ಕಟ್ಟಿತ್ತು, ನಾನು ನೋಟ್‌ಬುಕ್ಕಲ್ಲಿ "ನುಸಿಗೆ ಸೂಕ್ಷ್ಮ, ಬೇಡ" ಅಂತ ಬರ್ದೆ, ಕೇಳಿದೋರಿಗೂ ಹಂಗೇ ಹೇಳ್ದೆ. ಮುಂದಿನ ಬೆಳೇಲಿ ಅದೇ ಬೀಜ ಮಧ್ಯದಲ್ಲಿ ಹಾಕಿದಾಗ ಎಲ್ಲಕ್ಕಿಂತ ಜಾಸ್ತಿ ಬಂತು. ಅಷ್ಟರಲ್ಲಿ ನನ್ನ ಮಾತು ಕೇಳಿ ಇಬ್ಬರು ಆ ಬೀಜ ಬಿಟ್ಟು ಬೇರೆ ಹಾಕಿ ಆಗಿತ್ತು. ಅದು ಇವತ್ತಿಗೂ ಮನಸ್ಸಲ್ಲಿ ಕೂತಿದೆ.

ಈಗ ನೀವು ಮಾಡ್ಬೇಕಾದ್ದು ಹೇಳ್ತೀನಿ, ಖರ್ಚಿಲ್ಲ. 10 ಗುಂಟೆ ಅಂದ್ರೆ ಸುಮಾರು 1000 ಚದರ ಮೀಟರ್, ಮೀಟರಿಗೆ ಎರಡೂವರೆ ಗಿಡದ ಹತ್ರ ಅಂತ ಇಟ್ಕೊಂಡ್ರೂ 2400 ಗಿಡ ಕೂರುತ್ತೆ. ಪೂರ್ತಿ ಮನೆಗೆ ನೀವು ಇಷ್ಟು ದಿನ ಹಾಕ್ತಿದ್ದ ಹಳೇ ತಳೀನೇ ಹಾಕಿ. ಅದರೊಳಗೆ ಟ್ರಯಲ್‌ಗೆ ಅಂತ 96 ಗಿಡ ಮಾತ್ರ ಬಿಟ್ಕೊಡಿ, ನೂರಕ್ಕೆ 4 ಗಿಡ ಆಯ್ತು ಅಷ್ಟೆ. 25 ಬೀಜದ ಪೊಟ್ಣದಲ್ಲಿ 24 ಗಿಡ ಎದ್ರೆ ಅದನ್ನ 8-8-8 ಅಂತ ಮೂರು ತುಂಡು ಮಾಡಿ, ಒಂದು ತುಂಡು ಬಾಗಿಲ ಕಡೆ, ಒಂದು ಮಧ್ಯ, ಒಂದು ಹಿಂದುಗಡೆ. ಮೂರು ಹೊಸ ತಳಿ, ಜೊತೆಗೆ ನಿಮ್ಮ ಹಳೇ ತಳಿದೂ ಒಂದು ತುಂಡು, ಹೀಗೆ ಒಂದೊಂದು ಜಾಗದಲ್ಲೂ ನಾಲ್ಕೂ ಇರ್ಬೇಕು. ಹಳೇದು ಯಾಕೆ ಅಂದ್ರೆ ಅದೇ ನಿಮ್ಮ ಅಳತೆಗೋಲು, ಅದಿಲ್ದೆ ಹೊಸದು ಚೆನ್ನಾಗಿದೆ ಅಂದ್ರೆ ಯಾವುದಕ್ಕಿಂತ ಚೆನ್ನಾಗಿದೆ?

ಆ ನಾಲ್ಕರಲ್ಲಿ ಯಾವುದು ಮೊದ್ಲು ಯಾವುದು ಆಮೇಲೆ ಅಂತ ನೀವು ತೀರ್ಮಾನ ಮಾಡ್ಬೇಡಿ, ಮಗನೂ ಮಾಡೋದು ಬೇಡ, ಯಾಕಂದ್ರೆ ಮನಸ್ಸಿಗೆ ಹಿಡಿಸಿದ್ದನ್ನ ಕೈ ತಾನಾಗೇ ಒಳ್ಳೆ ಜಾಗಕ್ಕೆ ಇಡುತ್ತೆ. ನಾಲ್ಕು ಚೀಟಿ ಬರ್ದು ಲೋಟಕ್ಕೆ ಹಾಕಿ ಮನೇಲಿ ಇರೋ ಮಗು ಕೈಲಿ ಎತ್ಸಿ. ಬಾಗಿಲ ಕಡೆಗೆ ಒಂದ್ಸಲ ಎತ್ಸಿ, ಮಧ್ಯಕ್ಕೆ ಮತ್ತೆ ಎತ್ಸಿ, ಹಿಂದಕ್ಕೆ ಮತ್ತೆ. ಯೂನಿವರ್ಸಿಟಿಯವರು ಮಾಡೋ ಟ್ರಯಲಲ್ಲೂ ಇದೇ ಲಾಟರಿ ನಡೆಯೋದು, ಅವರು ಅದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ ಅಷ್ಟೆ.

ಎಲ್ಲಾ ತಳೀನೂ ಒಂದೇ ದಿನ ಟ್ರೇಗೆ ಹಾಕಿ, ಒಂದೇ ದಿನ ನಾಟಿ ಮಾಡಿ. ಒಂದು ತಳೀಲಿ ಇನ್ನೂ ಒಂದೆರಡು ಬೀಜ ಮೊಳೀದೆ ತುಂಡಿಗೆ 7 ಗಿಡ ಆದ್ರೆ ಎಲ್ಲದಕ್ಕೂ 7 ಅಂತ್ಲೇ ಮಾಡ್ಕೊಳ್ಳಿ. ಕಂಕುಳ ಕುಡಿ ತೆಗೆಯೋದು, ಬುಡದ 4-5 ಗೆಣ್ಣಿನ ತನಕ ಹೀಚು ಚಿವುಟೋದು, ದಾರ ಸುತ್ತೋದು ಎಲ್ಲಾ ಒಂದೇ ರೀತಿ ಇರ್ಲಿ. ತೂಕಕ್ಕೆ ತುಂಡಿನ ಎರಡು ತುದಿ ಗಿಡ ಬಿಟ್ಬಿಡಿ, ಅವು ಪಕ್ಕದ ತಳಿ ಜೊತೆ ಬೆಳಕಿಗೆ ನೀರಿಗೆ ಜಗಳ ಆಡ್ತಿರ್ತವೆ, ಮಧ್ಯದ ಗಿಡಗಳದ್ದು ಮಾತ್ರ ಬುಟ್ಟಿಗೆ ಹಾಕಿ ತೂಗಿ.

ತೂಗೋದ್ರಲ್ಲೂ ಒಂದು ಮಾತಿದೆ. ಒಟ್ಟು ಕಾಯಿ ತೂಗಿ ಇಷ್ಟು ಕೆಜಿ ಬಂತು ಅಂತ ಬರೆಯೋದು ಸುಲಭ, ಆದ್ರೆ ಮಂಡಿಯವರು ಒಟ್ಟಿಗೆ ದುಡ್ಡು ಕೊಡಲ್ಲ. ಒಳ್ಳೇದು, ಡೊಂಕು, ಬಿಸಾಡೋದು ಅಂತ ಮೂರು ಗುಡ್ಡೆ ಮಾಡಿ ಮೂರನ್ನೂ ಬೇರೆ ಬೇರೆ ತೂಗಿ, ಒಳ್ಳೇದ್ರಲ್ಲಿ ಎಷ್ಟು ಕಾಯಿ ಅಂತನೂ ಎಣಿಸಿ. ಒಂದು ತಳಿ 6 ಕೆಜಿ ಕೊಟ್ಟು ಅದ್ರಲ್ಲಿ ಒಂದೂವರೆ ಕೆಜಿ ಡೊಂಕು ಇದ್ರೆ, ಇನ್ನೊಂದು 5 ಕೆಜಿ ಕೊಟ್ಟು ಎಲ್ಲಾ ನೆಟ್ಟಗಿದ್ರೆ, ಯಾವುದು ಮೇಲು ಅಂತ ನೀವೇ ಲೆಕ್ಕ ಹಾಕಿ. ದಿನ ಬಿಟ್ಟು ದಿನ ಅಂದ್ರೆ ಎಲ್ಲಾ ತುಂಡಿಗೂ ದಿನ ಬಿಟ್ಟು ದಿನನೇ ಕೀಳ್ಬೇಕು, ಬೇಸಿಗೇಲಿ ಒಂದಿನ ತಡ ಆದ್ರೂ ಕಾಯಿ ಉಬ್ಬಿ ತೂಕ ಜಾಸ್ತಿ ತೋರ್ಸುತ್ತೆ, ಅದು ತಳಿಯ ಗುಣ ಅಲ್ಲ.

ಇನ್ನು ನಿಮ್ಮ ಮಗ ನೋಡಿದ ಆ ಮೊದಲ 15 ದಿನದ ವಿಷ್ಯ. ಪಾಲಿಹೌಸ್ ಸೌತೆ ನಾಟಿ ಆಗಿ 35-40 ದಿನಕ್ಕೆ ಕಟಾವಿಗೆ ಬರುತ್ತೆ, ಬೆಳೆ ಮೂರು ತಿಂಗಳು, ಚೆನ್ನಾಗಿ ನೋಡ್ಕೊಂಡ್ರೆ ಅದರ ಮೇಲೂ ನಿಲ್ಲುತ್ತೆ. ಕೆಲವು ತಳಿ ಬುಡದಿಂದ್ಲೇ ಗೆಣ್ಣಿಗೆ ಎರಡು ಮೂರು ಮಿಡಿ ಹಿಡ್ದು ಮೊದ್ಲೇ ಸುರಿದ್ಬಿಡ್ತವೆ, ಆಮೇಲೆ ಬಳ್ಳಿ ಸುಸ್ತಾಗಿ ಮೇಲಿನ ಎಲೆ ಸಣ್ಣ ಆಗಿ ಹೀಚು ಹಳದಿ ಆಗಿ ಉದುರೋಕೆ ಶುರು. ಇನ್ನು ಕೆಲವು ಮೊದ್ಲು ಎಲೆ, ಕಾಂಡ ಕಟ್ಕೊಂಡು ತಡವಾಗಿ ಶುರು ಮಾಡಿ ಕೊನೇ ತನಕ ಒಂದೇ ಸಮ ಕೊಡ್ತವೆ. ಹಂಗಾಗಿ ವಾರಕ್ಕೊಂದು ಮೊತ್ತ ಬರ್ದು, ಪಕ್ಕದಲ್ಲೇ ಆ ವಾರದ ಮಂಡಿ ರೇಟೂ ಬರೀರಿ. ರೇಟು ಮೇಲಿದ್ದಾಗ ಕೊಟ್ಟ 2 ಕೆಜಿ, ಬಿದ್ದಾಗ ಕೊಟ್ಟ 3 ಕೆಜಿಗಿಂತ ಹೆಚ್ಚಾಗೋದೂ ಉಂಟು, ಆಗ ಬೇಗ ಕೊಡೋ ತಳೀನೇ ಗೆಲ್ಲುತ್ತೆ, ನಿಮ್ಮ ಮಗನ ಮಾತೇ ಸರಿ ಆಗುತ್ತೆ. ಆದ್ರೆ ಅದನ್ನ ಪುಸ್ತಕ ಹೇಳ್ಬೇಕು.

ಕೊನೇಲಿ ಲೆಕ್ಕ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಒಂದು ತಳಿ ಗಿಡಕ್ಕೆ ಬಾಗಿಲ ಕಡೆ 4.1, ಮಧ್ಯ 5.0, ಹಿಂದೆ 4.4 ಕೆಜಿ ಕೊಡ್ತು, ಸರಾಸರಿ 4.5. ಇನ್ನೊಂದು 4.0, 5.2, 4.6 ಕೊಡ್ತು, ಸರಾಸರಿ 4.6. ಎರಡನೇದು 100 ಗ್ರಾಂ ಜಾಸ್ತಿ ಅಂತ ಅದನ್ನ ಹಾಕ್ಬಿಡ್ತೀರಾ? ಒಂದೇ ತಳಿ ಒಳಗೇ ಜಾಗದಿಂದ ಜಾಗಕ್ಕೆ ಒಂದು ಕೆಜಿ ಆಚೀಚೆ ಆಗಿರೋವಾಗ 100 ಗ್ರಾಂಗೆ ಅರ್ಥನೇ ಇಲ್ಲ, ಅವೆರಡೂ ಸಮ ಅಂತ್ಲೇ ತಿಳ್ಕೊಂಡು ಬೀಜದ ರೇಟು ಯಾವುದ್ರದ್ದು ಕಮ್ಮಿನೋ ಅದನ್ನ ತನ್ನಿ. ಬದ್ಲಿಗೆ ಒಂದು ತಳಿ ಮೂರು ಜಾಗದಲ್ಲೂ ಹಳೇದನ್ನ ಹಿಂದೆ ಹಾಕಿದ್ರೆ, ಬಾಗಿಲಲ್ಲೂ ಮಧ್ಯದಲ್ಲೂ ಹಿಂದೇನೂ, ಅದರ ಮೇಲೆ ಭರವಸೆ ಇಡಿ. ಆಗ್ಲೂ ಪೂರ್ತಿ ಮನೆಗೆ ಬೇಡ, ಮುಂದಿನ ಬೆಳೇಲಿ ಅರ್ಧಕ್ಕೆ ಹಾಕಿ. ಮಾರ್ಚಿಂದ ಮೇ ತನಕ ನಮ್ಮಲ್ಲಿ ಹೊರಗೇ 38-40 ಡಿಗ್ರಿ ಹೋಗುತ್ತೆ, ಸೌತೆಗೆ ಬೇಕಾಗಿರೋದು ಹಗಲು 24ರಿಂದ 28 ಡಿಗ್ರಿ. ಬೇಸಿಗೇಲಿ ಗೆದ್ದ ತಳಿ ಶ್ರಾವಣದ ಜಡಿಮಳೇಲಿ ಬೂಜು ರೋಗಕ್ಕೆ ಸೋತು ಮಲಗೋದನ್ನ ಕಣ್ಣಾರೆ ನೋಡಿದೀನಿ. ಎರಡು ಕಾಲಕ್ಕೂ ಒಂದೇ ತಳಿ ಇರ್ಬೇಕು ಅಂತ ಏನೂ ಇಲ್ಲ, ಬೇಸಿಗೆಗೆ ಒಂದು ಮಳೆಗಾಲಕ್ಕೆ ಒಂದು ಇಟ್ಕೊಳ್ಳಿ.

ಪ್ರಶ್ನೆ: ಬೀಜದ ಪೊಟ್ಣದ ಮೇಲೆ, ಕಂಪ್ನಿ ಪುಸ್ತಕದಲ್ಲಿ ಎಚ್‌ಆರ್, ಐಆರ್, ಪಿಎಕ್ಸ್, ಪಿಸಿಯು ಅಂತೆಲ್ಲ ಬರ್ದಿರ್ತಾರೆ, ಏನದು? ಅಂಗಡಿಯವ್ರು ರೋಗನೇ ಬರಲ್ಲ ಅಂತ ಕೊಟ್ರು, ನಮ್ಗೆ ಎರಡೇ ತಿಂಗಳಿಗೆ ಎಲೆ ಎಲ್ಲ ಹಳದಿ ಆಗಿ ಸುಟ್ಟಂಗಾಯ್ತು. — ಹಿರಿಯೂರು ತಾಲೂಕಿನಿಂದ

ಉತ್ತರ: ಎಚ್‌ಆರ್ ಅಂದ್ರೆ ಆ ರೋಗಕ್ಕೆ ಗಟ್ಟಿಯಾದ ತಡೆ, ಐಆರ್ ಅಂದ್ರೆ ಮಧ್ಯಮ ತಡೆ, ರೋಗ ಬರುತ್ತೆ ಆದ್ರೆ ನಿಧಾನಕ್ಕೆ ಬರುತ್ತೆ ಅಂತ. ಪಿಎಕ್ಸ್ ಅನ್ನೋದು ಬೂದಿ ರೋಗದ ಗುರುತು, ಪಿಸಿಯು ಬೂಜು ರೋಗ ಅಂದ್ರೆ ಡೌನಿದು, ಸಿಎಂವಿ ಅಂದ್ರೆ ಸೌತೆಯ ಮೊಸಾಯಿಕ್ ವೈರಸ್. ಈ ಅಕ್ಷರ ಇಲ್ದೆ ಬರೀ "ರೋಗ ನಿರೋಧಕ" ಅಂತ ದಪ್ಪಗೆ ಬರ್ದಿದ್ರೆ ಅದಕ್ಕೆ ಬೆಲೆ ಕೊಡ್ಬೇಡಿ, ಯಾವ ರೋಗಕ್ಕೆ ಅಂತ ಕೇಳಿ. ಒಂದು ರೋಗಕ್ಕೆ ತಡೆ ಇದ್ರೆ ಇನ್ನೊಂದಕ್ಕೂ ಇರುತ್ತೆ ಅಂತ ಅಲ್ಲ, ನಿಮ್ಗೆ ಆಗಿರೋದು ಬಹುಶಃ ಇದೇ.

ಬೂಜು, ಬೂದಿ ಎರಡನ್ನೂ ಗುರುತು ಹಿಡಿಯೋದು ಹೀಗೆ. ಬೆಳಿಗ್ಗೆ ಆರೂವರೆ ಏಳು ಗಂಟೆಗೆ ಇಬ್ಬನಿ ಆರೋದ್ರೊಳಗೆ ಒಳಗೆ ಹೋಗಿ ಒಂದು ಹಳದಿ ಎಲೆ ತಿರುವಿ ನೋಡಿ. ಮೇಲಿಂದ ನೋಡಿದ್ರೆ ಹಳದಿ ಮಚ್ಚೆ ಎಲೆಯ ನರಗಳ ಮಧ್ಯೆ ಸಿಕ್ಕಾಕ್ಕೊಂಡು ಚೌಕ ಚೌಕ ಕತ್ತರಿಸಿದಂಗೆ ಕಾಣುತ್ತೆ, ಕೆಳಗಡೆ ಅದೇ ಚೌಕದಲ್ಲಿ ಬೂದು, ನೇರಳೆ ಬಣ್ಣದ ತುಪ್ಪಟ ಇರುತ್ತೆ, ಅದು ಡೌನಿ. ಎಲೆ ಒದ್ದೆ ಇದ್ದಷ್ಟೂ ಅದಕ್ಕೆ ಹಬ್ಬ. ಗೋಧಿ ಹಿಟ್ಟು ಉದುರಿಸಿದಂಗೆ ಬೆಳ್ಳಗೆ ಇದ್ರೆ ಅದು ಬೂದಿ ರೋಗ, ಅದಕ್ಕೆ ಎಲೆ ಮೇಲೆ ನೀರು ನಿಲ್ಬೇಕು ಅಂತಿಲ್ಲ, ಒಣ ಹವೇಲೂ ಬರುತ್ತೆ. ನೀವು ಹೇಳಿದ ಹಳದಿ ಆಗಿ ಸುಡೋದು ಡೌನಿ ಲಕ್ಷಣ, ಪೊಟ್ಣದ ಮೇಲೆ ಪಿಎಕ್ಸ್ ಒಂದೇ ಇತ್ತಾ ಅಂತ ಹುಡುಕಿ ನೋಡಿ.

ಟ್ರಯಲಲ್ಲಿ ರೋಗಕ್ಕೆ ನಂಬರ್ ಹಾಕೋದನ್ನೂ ಕಲೀರಿ. ವಾರಕ್ಕೊಂದ್ಸಲ ಒಂದೇ ದಿನ ಎಲ್ಲಾ ತುಂಡಿನ ಮಧ್ಯದ ಎಲೆಗಳನ್ನ ನೋಡಿ, ಏನೂ ಇಲ್ಲ ಅಂದ್ರೆ 0, ಎಲ್ಲೋ ಒಂದೆರಡು ಮಚ್ಚೆ 1, ಎಲೆಯ ಕಾಲು ಭಾಗ 2, ಅರ್ಧ 3, ಅರ್ಧಕ್ಕಿಂತ ಮೇಲೆ 4 ಅಂತ ಬರ್ಕೊಳ್ಳಿ. ಯಾವ ತಳಿ ಯಾವ ವಾರ 2 ದಾಟ್ತು ಅನ್ನೋದೇ ಮುಖ್ಯ, ಎರಡು ವಾರ ತಡ ಆಗಿ ದಾಟಿದ್ರೆ ಎರಡು ವಾರದ ಕಟಾವು ನಿಮ್ಮ ಕೈಗೆ ಸಿಕ್ಕಂಗೆ.

ನೆಮಟೋಡ್ ಅಂದ್ರೆ ಬೇರುಗಂಟು ಹುಳಕ್ಕೆ ಗಟ್ಟಿ ತಡೆ ಅಂತ ಬರ್ದಿರೋ ಪಾಲಿಹೌಸ್ ಸೌತೆ ಪೊಟ್ಣ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ, ಯಾರಾದ್ರೂ ಬಾಯಿ ಮಾತಲ್ಲಿ ಹೇಳಿದ್ರೆ ನಂಬ್ಬೇಡಿ. ಪಾಲಿಹೌಸಲ್ಲಿ ಒಂದೇ ಮಣ್ಣಿಗೆ ವರ್ಷಕ್ಕೆ ಎರಡು ಮೂರು ಬೆಳೆ ಹಾಕಿದ್ರೆ ಗಂಟು ಬಂದೇ ಬರುತ್ತೆ. ಬೆಳೆ ತೆಗೆಯೋವಾಗ ನಾಲ್ಕು ಗಿಡ ಬೇರು ಸಮೇತ ಕಿತ್ತು ನೋಡಿ, ಬೇರಲ್ಲಿ ಗಂಟಿದ್ರೆ ಮಣ್ಣು ತಗೊಂಡು ಬಬ್ಬೂರು ಫಾರಂನ ಕೃಷಿ ಕೇಂದ್ರಕ್ಕೆ ಹೋಗಿ, ನಿಮ್ಗೆ ಹತ್ರನೇ. ಗಂಟಿರೋ ಮಣ್ಣಲ್ಲಿ ತಳಿ ಟ್ರಯಲ್ ಮಾಡಿದ್ರೆ ತಳಿ ಗುಣ ಕಾಣಲ್ಲ, ಎಲ್ಲಿ ಗಂಟು ಜಾಸ್ತಿ ಅನ್ನೋದು ಕಾಣುತ್ತೆ ಅಷ್ಟೆ.

ಪ್ರಶ್ನೆ: ಅಕ್ಕಾ, ನಮ್ಮ ನೆರಳು ಮನೆ ಸೌತೇಲಿ ಕೆಲವು ಕಾಯಿ ಕಹಿ ಬರ್ತಾವೆ. ತಳಿ ದೋಷನಾ ನಮ್ಮ ದೋಷನಾ? ತುದಿ ಕೊಯ್ದು ಉಜ್ಜಿದ್ರೆ ಕಹಿ ಹೋಗುತ್ತೆ ಅಂತಾರೆ ನಮ್ಮತ್ತೆ, ನಿಜನಾ? — ಚಳ್ಳಕೆರೆಯಿಂದ ಓದುಗರು

ಉತ್ತರ: ತಂಗಿ, ಎರಡೂ ಇರ್ಬಹುದು. ಸೌತೆ ಜಾತಿಯ ಗಿಡದಲ್ಲಿ ಕುಕುರ್ಬಿಟಾಸಿನ್ ಅನ್ನೋ ಕಹಿ ಅಂಶ ಹುಟ್ಟಿಂದ್ಲೇ ಇರುತ್ತೆ, ಬಿಸಿಲು ಜೋರಾಗಿ ನೀರು ಒಂದಿನ ಕೊಟ್ಟು ಒಂದಿನ ಬಿಟ್ರೆ ಅದು ಕಾಯಿಗೂ ಇಳಿಯುತ್ತೆ. ಕಹಿ ಜಾಸ್ತಿ ಸೇರೋದು ತೊಟ್ಟಿನ ಕಡೆ ಮತ್ತೆ ಸಿಪ್ಪೆ ಕೆಳಗೆ, ಹಂಗಾಗಿ ತೊಟ್ಟಿನ ಕಡೆ ಒಂದು ಇಂಚು ಕೊಯ್ದು ಸಿಪ್ಪೆ ಸ್ವಲ್ಪ ದಪ್ಪಗೆ ಹೆರೆದ್ರೆ ಕಹಿ ಕಮ್ಮಿ ಆಗುತ್ತೆ. ಅತ್ತೆಯವರು ಕೊಯ್ಯೋದು ಸರಿ, ಆ ನೊರೆ ಬರೋ ತನಕ ಉಜ್ಜೋದ್ರಿಂದ ಒಳಗಿನ ಕಹಿ ಈಚೆ ಬರಲ್ಲ, ಕೆಲಸ ಮಾಡೋದು ಕೊಯ್ತ.

ತಳಿ ದೋಷನಾ ಅಂತ ತಿಳ್ಯೋಕೆ ಒಂದು ಒಳ್ಳೆ ದಾರಿ ಇದೆ, ತಳಿ ಮಾಡೋ ವಿಜ್ಞಾನಿಗಳೂ ಇದನ್ನೇ ಮಾಡ್ತಾರೆ. ಬೀಜ ಮೊಳೆತು ಮೊದಲ ಎರಡು ದಪ್ಪ ಎಲೆ ಬಿಚ್ಕೊಳ್ಳುತ್ತಲ್ಲ, ಔಷಧಿ ಹೊಡೀದಿರೋ ಟ್ರೇಯಲ್ಲಿ ಅದನ್ನ ಉಗುರಷ್ಟು ಚಿವುಟಿ ನಾಲಿಗೆ ಮೇಲೆ ಇಟ್ಟು ನೋಡಿ. ಕಹಿ ಜೀನ್ ಇಲ್ಲದ ತಳಿ ಆದ್ರೆ ಎಲೆನೂ ಸಪ್ಪೆ ಇರುತ್ತೆ, ಅಂಥ ಗಿಡದ ಕಾಯಿ ಎಷ್ಟೇ ಬಿಸಿಲು ಬಂದ್ರೂ ಕಹಿ ಆಗಲ್ಲ. ಎಲೆ ಕಹಿ ಇದ್ರೆ ಕಾಯಿ ಕಹಿ ಆಗೇ ಆಗುತ್ತೆ ಅಂತಲ್ಲ, ಆಗೋ ಸಾಧ್ಯತೆ ಇದೆ ಅಂತ, ಅಂಥ ತಳಿಗೆ ನೀರು ತಪ್ಪಿಸ್ಬಾರ್ದು. ಬೀಜಕ್ಕೆ ಔಷಧಿ ಲೇಪ ಇದ್ರೆ ಮಾತ್ರ ಬಾಯಿಗೆ ಹಾಕ್ಬೇಡಿ, ಪಾಲಿಹೌಸ್ ಬೀಜಕ್ಕೆ ಬಣ್ಣದ ಲೇಪ ಬರೋದು ಜಾಸ್ತಿ, ಬಣ್ಣ ಕಂಡ್ರೆ ರುಚಿ ನೋಡೋದನ್ನ ಕಾಯಿ ಬರೋ ತನಕ ಬಿಡಿ. ಮತ್ತೊಂದು ವಿಷ್ಯ, ಕಹಿ ಇಲ್ಲದ ಗಿಡ ಅಂದ್ರೆ ಕೆಂಪು ನುಸಿಗೆ ಇನ್ನೂ ಇಷ್ಟ, ಚಳ್ಳಕೆರೆ ಅಂಥ ಒಣ ಊರಲ್ಲಿ ಸಿಹಿ ತಳಿ ಹಾಕಿದ್ರೆ ಎಲೆ ಹಿಂದೆ ವಾರಕ್ಕೆ ಎರಡು ಸಲ ನೋಡ್ತಿರ್ಬೇಕು.

ಪ್ರಶ್ನೆ: ಬರೀ ಹೆಣ್ಣು ಹೂ ಬಿಡುತ್ತೆ, ಬೀಜ ಇರಲ್ಲ ಅಂತ ಹೇಳಿ ಕೊಟ್ಟ ತಳೀಲಿ ಏಪ್ರಿಲಲ್ಲಿ ಗಂಡು ಹೂ ಬಂದ್ವು. ಕಾಯಿ ತುದಿ ಗದೆ ತರ ಊದ್ಕೊಂಡು ಒಳಗೆ ಬೀಜನೂ ಐತೆ. ಮೋಸ ಆಯ್ತಾ? ನಮ್ಮ ಶೇಡ್ ನೆಟ್ ಪಕ್ಕದ ಹೊಲದಾಗೆ ಮಿಡಿ ಸೌತೆ ಹಾಕ್ಯಾರೆ. — ಹೊಳಲ್ಕೆರೆ ಕಡೆಯಿಂದ

ಉತ್ತರ: ಉತ್ತರ ನಿಮ್ಮ ಕೊನೇ ಸಾಲಲ್ಲೇ ಇದೆ ತಮ್ಮ. ಪಾಲಿಹೌಸ್ ತಳಿಗಳಿಗೆ ಎರಡು ಗುಣ ಸೇರಿರುತ್ತೆ: ಹೂ ಎಲ್ಲಾ ಹೆಣ್ಣು ಆಗಿರೋದು, ಪರಾಗ ಬೀಳದೇನೇ ಕಾಯಿ ಕಟ್ಟೋದು. ಎರಡೂ ಬೇರೆ ಬೇರೆ ಗುಣ. ಬರೀ ಹೆಣ್ಣು ಹೂ ಬಿಡೋ ಗುಣ ಕೊರಿಯಾದಿಂದ ಅಮೆರಿಕಕ್ಕೆ ಹೋದ ಶೋಗೊಯಿನ್ ಅನ್ನೋ ಸೌತೇಲಿ ಸಿಕ್ಕಿದ್ದು, ಮಿಚಿಗನ್ನಲ್ಲಿ 1960ರ ಹೊತ್ತಿಗೆ ಅದರಿಂದ ಸ್ಥಿರವಾದ ಹೆಣ್ಣು ತಳಿ ಮಾಡಿದ್ರು. ಈ ಗುಣ ಕಾವಿಗೆ ಸ್ವಲ್ಪ ಬಗ್ಗುತ್ತೆ, ಜೋರು ಬಿಸಿಲು, ಗಿಡಕ್ಕೆ ಸಂಕಟ ಇದ್ದಾಗ ಕೆಲವು ತಳಿ ಒಂದಷ್ಟು ಗಂಡು ಹೂ ಬಿಡ್ತವೆ, ಕೆಲವು ಬಿಡಲ್ಲ. ಅದನ್ನೇ ನೀವು ಟ್ರಯಲಲ್ಲಿ ನೋಡ್ಬೇಕಾದ್ದು: ಗಿಡಕ್ಕೆ 10ನೇ ಗೆಣ್ಣಿಂದ 20ನೇ ಗೆಣ್ಣಿನ ತನಕ ಎಷ್ಟು ಗಂಡು ಹೂ ಅಂತ ಎಣಿಸಿ ಬರೀರಿ, ಏಪ್ರಿಲ್-ಮೇನಲ್ಲಿ ಎಣಿಸಿದ್ರೇ ಅದಕ್ಕೆ ಬೆಲೆ.

ಊದಿದ ತುದಿಗೆ ಕಾರಣ ಜೇನು. ಪರಾಗ ಬೇಡದ ಕಾಯಿಗೆ ಪರಾಗ ಬಿದ್ರೆ ಬೀಜ ಕಟ್ಟುತ್ತೆ, ಬೀಜ ಕಟ್ಟಿದ ಕಡೆ ಕಾಯಿ ಉಬ್ಬುತ್ತೆ. ಮಿಡಿ ಸೌತೆ ಅಂದ್ರೆ ಗರ್ಕಿನ್ನೂ ಅದೇ ಜಾತಿ ಸೌತೆ, ಅದರ ಗಂಡು ಹೂವಿಂದ ಜೇನು ನೇರ ನಿಮ್ಮ ನೆಟ್ ಒಳಗೆ ಬರ್ತಿದೆ. ನೆಟ್ ಎಲ್ಲಿ ಹರಿದಿದೆ, ಬಾಗಿಲು ಯಾರು ತೆರೆದಿಡ್ತಾರೆ ನೋಡಿ, ಕೀಟ ತಡೆಯೋ ಸಣ್ಣ ಕಣ್ಣಿನ ಬಲೆ ಹಾಕ್ಸಿ. ಒಳಗೆ ಕಂಡ ಗಂಡು ಹೂವನ್ನೂ ಕಿತ್ತು ಆಚೆ ಹಾಕಿ. ಬಾಗಿಲ ಪಕ್ಕ ಮನೆ ಖರ್ಚಿಗೆ ಅಂತ ನಾಟಿ ಸೌತೆ ಬಳ್ಳಿ ಬಿಡೋ ಅಭ್ಯಾಸ ಎಷ್ಟೋ ಜನಕ್ಕೆ ಇದೆ, ಅದೂ ಬೇಡ. ಜೇನಿಗೆ ಮಾತ್ರ ಔಷಧಿ ಹೊಡೀಬೇಡಿ, ಪಕ್ಕದೋರ ಮಿಡಿ ಸೌತೆಗೆ ಜೇನು ಬೇಕು.

ಪ್ರಶ್ನೆ: ಹೈಬ್ರಿಡ್ ಸೌತೆ ಬೀಜ ಕಾಳಿನ ಲೆಕ್ಕದಲ್ಲಿ ಮಾರ್ತಾರೆ, ಕೊಳ್ಳೋಕಾಗಲ್ಲ. ನಾವೇ ಬೀಜ ಮಾಡ್ಕೋಬಹುದಾ? — ಚನ್ನಗಿರಿ

ಉತ್ತರ: ಹೈಬ್ರಿಡ್‌ದು ಆಗಲ್ಲ. ಮೊದ್ಲನೇದು, ಕಾಯಲ್ಲಿ ಬೀಜನೇ ಇರಲ್ಲ. ಹೇಗೋ ಬಂದ್ರೂ ಮುಂದಿನ ಪೀಳಿಗೇಲಿ ಒಂದೊಂದು ಗಿಡ ಒಂದೊಂದು ತರ ಬರುತ್ತೆ. ಆದ್ರೆ ಸರ್ಕಾರಿ ಸಂಸ್ಥೆಗಳ ತಳಿ ಇವೆ, ಅವನ್ನ ಟ್ರಯಲಲ್ಲಿ ಸೇರ್ಸಿ. ದಿಲ್ಲಿಯ ಪೂಸಾ ಸಂಸ್ಥೆಯ ಪೂಸಾ ಸೀಡ್‌ಲೆಸ್ ಕುಕುಂಬರ್-6 ಇದೆ, ಹೈಬ್ರಿಡ್ ಅಲ್ಲ, ಸುಧಾರಿತ ತಳಿ, 40-45 ದಿನಕ್ಕೆ ಮೊದಲ ಕಟಾವು. ಪಂತನಗರ ಯೂನಿವರ್ಸಿಟಿದು ಪಂತ್ ಪಾರ್ಥೆನೋಕಾರ್ಪಿಕ್ ಖೀರಾ-2, ಖೀರಾ-3 ಇವೆ. ಇವೆಲ್ಲ ಉತ್ತರದ ಹವೇಲಿ ನೋಡಿ ಆರಿಸಿದ್ದು, ನಮ್ಮ ಬೇಸಿಗೇಲಿ ಹೇಗೆ ಅನ್ನೋದು ನಿಮ್ಮ ಮನೆಯ 24 ಗಿಡನೇ ಹೇಳ್ಬೇಕು. ಬರೀ ಹೆಣ್ಣು ಹೂವಿನ ತಳೀಲಿ ಬೀಜ ಮಾಡೋಕೆ ಬೆಳ್ಳಿ ನೈಟ್ರೇಟ್ ಸಿಂಪಡಿಸಿ ಗಂಡು ಹೂ ಬರಿಸ್ಬೇಕಾಗುತ್ತೆ, ಅದು ಮನೇಲಿ ಮಾಡೋ ಕೆಲಸ ಅಲ್ಲ.

ಪ್ರಶ್ನೆ: ದಾವಣಗೆರೆ ಮಾರ್ಕೆಟ್ಟಿಗೆ ಉದ್ದ ಸೌತೆ ಒಳ್ಳೇದಾ, ಗಿಡ್ಡದಾ? — ದಾವಣಗೆರೆ ತಾಲೂಕು

ಉತ್ತರ: 30 ಸೆಂಟಿಮೀಟರಿನ ಉದ್ದ ಸೌತೆ ಬೆಳೆಯೋಕೆ ಮುಂಚೆ ಕೊಳ್ಳೋರು ಯಾರು ಅಂತ ಗಟ್ಟಿ ಮಾಡ್ಕೊಳ್ಳಿ, ಅದನ್ನ ಒಂದೊಂದಕ್ಕೂ ಪ್ಲಾಸ್ಟಿಕ್ ಸುತ್ತಿ ಬೆಂಗಳೂರಿಗೆ ಕಳಿಸ್ಬೇಕಾಗುತ್ತೆ. ಇಲ್ಲಿ ಗಾಡಿ ಮೇಲೆ ಉಪ್ಪು ಖಾರ ಸವರಿ ಮಾರೋರು, ಕೋಸಂಬರಿಗೆ ತಗೊಳ್ಳೋರು, ಹೋಟ್ಲಿನೋರು, ಎಲ್ಲರ ಕೈಗೂ ಹಿಡಿಸೋದು 14ರಿಂದ 18 ಸೆಂಟಿಮೀಟರಿನ ಗಿಡ್ಡ ಕಾಯಿ. ಕಡು ಹಸಿರು ಕಾಯಿ ಕಂಡ್ರೆ ನಮ್ಮ ಹಳೇ ಗಿರಾಕಿಗಳು ಬಲಿತಿದೆ ಅಂದ್ಕೊಂಡು ಪಕ್ಕಕ್ಕೆ ಸರಿಸೋದನ್ನ ನೋಡಿದೀನಿ, ಹಂಗಾಗಿ ಟ್ರಯಲ್ ಕಾಯಿ ಒಂದೊಂದು ಕ್ರೇಟ್ ತಗೊಂಡು ಹೋಗಿ ತಳಿ ಹೆಸರು ಹೇಳ್ದೆ ವ್ಯಾಪಾರಿ ಮುಂದೆ ಇಟ್ಟು ಯಾವುದಕ್ಕೆ ಎಷ್ಟು ಕೊಡ್ತೀಯ ಕೇಳಿ, ಅವರು ಹೇಳಿದ ರೇಟೂ ಪುಸ್ತಕಕ್ಕೆ. ಇನ್ನೊಂದು, ಒಂದೊಂದು ತಳೀದೂ 5 ಕಾಯಿ ತೂಗಿ ಮನೇಲಿ ನೆರಳಲ್ಲಿ ಇಡಿ, ಫ್ರಿಜ್ ಬೇಡ, ಐದು ದಿನ ಬಿಟ್ಟು ಮತ್ತೆ ತೂಗಿ ಮುಟ್ಟಿ ನೋಡಿ. ತುದಿ ಮೆತ್ತಗೆ ಆಗಿ ಸುಕ್ಕು ಬಿದ್ದ ತಳಿ ಎಷ್ಟು ಕೆಜಿ ಕೊಟ್ರೂ ವ್ಯಾಪಾರಿ ಎರಡನೇ ಸಲ ಕೇಳಲ್ಲ. ಸಿಪ್ಪೆ ತೆಳು ಇದ್ದಷ್ಟೂ ತಿನ್ನೋಕೆ ಚೆನ್ನ, ಸಾಗಿಸೋಕೆ ಕಷ್ಟ.

ಪ್ರಶ್ನೆ: ನಮ್ಮ ಬೋರ್ ನೀರು ಸ್ವಲ್ಪ ಉಪ್ಪು. ಪಕ್ಕದ ಊರಲ್ಲಿ ಚೆನ್ನಾಗಿ ಬಂದ ತಳೀನೇ ತಂದು ಹಾಕಿದ್ವಿ, ಎಲೆ ಅಂಚು ಸುಟ್ಟು ಕಾಯಿ ಸಣ್ಣ ಆದ್ವು. ಅವರ್ದು ಚೆಕ್ ಡ್ಯಾಂ ಹತ್ರದ ಬೋರು. ಬೀಜ ಬೇರೆ ಕೊಟ್ರಾ? — ಜಗಳೂರು

ಉತ್ತರ: ಬೀಜ ಅದೇ ಅಣ್ಣ, ನೀರು ಬೇರೆ. ಸೌತೆ ಉಪ್ಪು ತಡ್ಕೊಳ್ಳೋ ಬೆಳೆ ಅಲ್ಲ. ಮಣ್ಣಿನ ಇಸಿ, ಅಂದ್ರೆ ಉಪ್ಪಿನ ಅಳತೆ, 2.5 ದಾಟಿದ್ಮೇಲೆ ಒಂದೊಂದು ಅಂಕ ಏರಿದಂಗೆ ಇಳುವರಿ ನೂರಕ್ಕೆ 13ರಷ್ಟು ಕಮ್ಮಿ ಆಗುತ್ತೆ. ಪಾಲಿಹೌಸಲ್ಲಿ ಮಳೆ ಬಿದ್ದು ಉಪ್ಪು ತೊಳ್ಕೊಂಡು ಹೋಗೋದಿಲ್ಲ, ಡ್ರಿಪ್ಪಲ್ಲಿ ಬಿಟ್ಟ ಉಪ್ಪು, ಗೊಬ್ಬರದ ಉಪ್ಪು ಎರಡೂ ಅಲ್ಲೇ ಕೂರುತ್ತೆ, ಹಂಗಾಗಿ ಮೊದಲ ಬೆಳೆ ಚೆನ್ನಾಗಿ ಬಂದು ಮೂರನೇದು ಬೀಳುತ್ತೆ. ಪಕ್ಕದೂರಿನ ಟ್ರಯಲ್ ನಿಮ್ಗೆ ಆಗಲ್ಲ, ನಿಮ್ಮ ನೀರಲ್ಲೇ ತಳಿ ನೋಡ್ಬೇಕು, ಎಲೆ ಅಂಚು ಯಾವ ವಾರ ಸುಡೋಕೆ ಶುರು ಆಯ್ತು ಅಂತ ಬರೀಬೇಕು. ಪಾಲಿಹೌಸ್ ಛಾವಣಿ ಮೇಲೆ ಬೀಳೋ ಮಳೆ ನೀರನ್ನ ಗಟಾರ್ ಹಾಕಿ ಹೊಂಡಕ್ಕೆ ಇಳ್ಸಿ, 1000 ಚದರ ಮೀಟರ್ ಛಾವಣಿಗೆ 10 ಮಿಲಿಮೀಟರ್ ಮಳೆ ಬಿದ್ರೂ 10 ಸಾವಿರ ಲೀಟರ್, ಅದನ್ನ ಬೋರ್ ನೀರಿಗೆ ಬೆರೆಸಿ ಬಿಡಿ. ಅದಕ್ಕೂ ಮೊದ್ಲು, ಬೋರ್ 10 ನಿಮಿಷ ಓಡ್ಸಿ ಆಮೇಲೆ ಒಂದು ಲೀಟರ್ ಬಾಟ್ಲಿಗೆ ತುಂಬಿ, ಬೆಡ್ಡಿನ ಅರ್ಧ ಅಡಿ ಆಳದ ಮಣ್ಣೂ ಅರ್ಧ ಕೆಜಿ ತಗೊಂಡು ದಾವಣಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಎರಡನ್ನೂ ಎಲ್ಲಿ ಟೆಸ್ಟ್ ಮಾಡಿಸ್ಬೇಕು ಕೇಳಿ. ಇಸಿ ಎಷ್ಟು, ಬೈಕಾರ್ಬೊನೇಟ್ ಎಷ್ಟು ಅಂತ ರಿಪೋರ್ಟ್ ಬಂದ್ಮೇಲೆ ಅದರ ಫೋಟೋ ಹಾಕಿ ಇನ್ನೊಂದು ಮೆಸೇಜ್ ಮಾಡಿ, ಗೊಬ್ಬರದ ಲೆಕ್ಕ ಅದನ್ನ ನೋಡಿ ಬರೀತೀನಿ.